ಮಾತ್ರೆಗೆ ಸೋಮವಾರ ರಜೆ

ನನಗೊಂದು ಕೆಟ್ಟ ಅಭ್ಯಾಸವಿದೆ. ಮಾತ್ರೆಯ ಪೆಟ್ಟಿಗೆಯೊಳಗೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿ, ಹತ್ತಾರು ಮಡಿಕೆಯಾಗಿ ಒಂದು ಕಾಗದ ಕುಳಿತಿರುತ್ತದಲ್ಲ, ಅದನ್ನು ನೀವು ಬಿಸಾಡುತ್ತೀರಿ; ನಾನು ಬಿಡಿಸಿ ಓದುತ್ತೇನೆ. ಓದುತ್ತಾ ಹೋದಂತೆ ಅದರಲ್ಲಿ ಹೇಳಿದ ಅಡ್ಡಪರಿಣಾಮಗಳೆಲ್ಲ ನನಗೆ ಒಂದೊಂದಾಗಿ ಬರತೊಡಗುತ್ತವೆ. ಸ್ನಾಯುಗಳಲ್ಲಿ ನೋವು ಎಂದು ಓದಿದ ಕೂಡಲೇ ತೊಡೆ ಹಿಡಿದುಕೊಳ್ಳುತ್ತದೆ. ತಲೆಸುತ್ತು ಎಂದು ಓದಿದರೆ ಗೋಡೆ ಹಿಡಿಯುತ್ತೇನೆ. ಕೊಲೆಸ್ಟರಾಲ್ ಮಾತ್ರೆಯ ಕಾಗದವನ್ನು ಓದಿ ಮುಗಿಸುವಷ್ಟರಲ್ಲಿ, ಬಸುರಿಯರಿಗೆ ಬರುವ ತೊಂದರೆಗಳನ್ನು ಬಿಟ್ಟರೆ ಉಳಿದದ್ದೆಲ್ಲ ನನಗೆ ಬಂದಾಗಿತ್ತು. ಆಗ ನಾನಿನ್ನೂ ಒಂದೇ ಒಂದು ಮಾತ್ರೆಯನ್ನೂ ನುಂಗಿರಲಿಲ್ಲ ಎನ್ನುವುದನ್ನು ದಯವಿಟ್ಟು ಗಮನಿಸಬೇಕು.

ನಾನು ಕುದ್ರೋಳಿಯಲ್ಲಿ ಮೀನಿನ ಬಲೆ ಮತ್ತು ಹಗ್ಗ ಮಾರುವವನು. ಮನೆ ಉರ್ವದಲ್ಲಿ. ಪಕ್ಕದ ಅಂಗಡಿ ಹಮೀದಾಕನದು. ಖರ್ಜೂರ, ದ್ರಾಕ್ಷಿ, ಗೋಡಂಬಿಯ ವ್ಯಾಪಾರ. ಒಂದು ದಿನ ಬೆಳಿಗ್ಗೆ ಯಾವುದೋ ಲ್ಯಾಬಿನವರು ನಮ್ಮ ಬೀದಿಯಲ್ಲಿ ಮೇಜು ಹಾಕಿ, ರಿಯಾಯಿತಿ ದರದಲ್ಲಿ ರಕ್ತ ತೆಗೆಯುತ್ತಿದ್ದರು. ರಿಯಾಯಿತಿ ಎಂದರೆ ಯಾವುದನ್ನೂ ಕೊಡಲು ತಯಾರಿರುವ ನಾವಿಬ್ಬರೂ ತೋಳು ಚಾಚಿದೆವು. ವರದಿ ಬಂದಾಗ ಇಬ್ಬರ ಕೆಟ್ಟ ಕೊಲೆಸ್ಟರಾಲೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿತ್ತು. ಹಮೀದಾಕ ಅದನ್ನು ನೋಡಿ ನಕ್ಕ. ನನಗೆ ನಗು ಬರಲಿಲ್ಲ.

ಅದಕ್ಕೆ ಕಾರಣ ನನ್ನ ಅಣ್ಣ ವಿಠಲ. ಕಡ್ಡಿಯಂತಿದ್ದ. ಬೀಡಿ ಇಲ್ಲ, ಕುಡಿತ ಇಲ್ಲ, ದಿನಾ ಬೆಳಿಗ್ಗೆ ಕೂಳೂರು ಸೇತುವೆಯವರೆಗೆ ನಡೆದು ಬರುವವನು. ಕೊಲೆಸ್ಟರಾಲ್ ಎಂದರೆ ಹೊಟ್ಟೆ ಬಂದವರ ಕಾಯಿಲೆ ಎಂದು ನಮ್ಮ ಮನೆಯವರೆಲ್ಲ ನಂಬಿಕೊಂಡಿದ್ದೆವು. ಹಾಗಾಗಿ ಅವನು ರಕ್ತ ಪರೀಕ್ಷೆಯನ್ನೇ ಮಾಡಿಸಿರಲಿಲ್ಲ. ಐವತ್ತಾರನೆಯ ವಯಸ್ಸಿನಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತವನು ಹೃದಯಾಘಾತವಾಗಿ ಏಳಲಿಲ್ಲ. ನನಗೆ ಈಗ ಐವತ್ತೈದು. ನನ್ನ ಹೆಂಡತಿ ಸುಮತಿ ವರದಿಯ ಅಂಕಿಗಳನ್ನು ನೋಡಲೇ ಇಲ್ಲ. "ಅಣ್ಣನಿಗೂ ಇದೇ ಇದ್ದದ್ದಾ?" ಎಂದು ಕೇಳಿದಳು. ನನಗೆ ಹೆದರಿಕೆಯಾಯಿತು, ಆದರೆ ಗಂಡಸರು ಹೆದರಿದಾಗ ಮಾಡುವಂತೆ ಅವಳ ಮೇಲೆ ರೇಗಿದೆ.

ಉರ್ವದ ನಮ್ಮ ಡಾಕ್ಟರು ಅಣ್ಣನ ಕಥೆ ಕೇಳಿ, "ಮಾತ್ರೆ ತಕೊಳ್ಳಿ, ಊಟ ನೋಡ್ಕೊಳ್ಳಿ, ದಿನಾ ನಡೀರಿ. ಮೂರೂ ಬೇಕು" ಎಂದರು. ಡಾಕ್ಟರುಗಳು ಎಷ್ಟೇ ಓದಿರಲಿ, ನಮ್ಮ ಊರಿನವರ ಕಿವಿಯ ರಚನೆ ಅವರಿಗೆ ತಿಳಿದಿರುವುದಿಲ್ಲ. ಮೂರು ಹೇಳಿದರೆ ನಾವು ಅದನ್ನು ಹೋಟೆಲಿನ ತಿಂಡಿಗಳ ಹಾಗೆ ಕೇಳಿಸಿಕೊಂಡು ಒಂದನ್ನು ಆರಿಸಿಕೊಳ್ಳುತ್ತೇವೆ. ಕಾಗದ ಓದಿ ಕಂಗಾಲಾಗಿದ್ದ ನಾನು ಊಟ ಮತ್ತು ನಡಿಗೆಯನ್ನು ಆರಿಸಿಕೊಂಡೆ. ಒಮ್ಮೆ ಶುರುವಾದರೆ ಜೀವನಪರ್ಯಂತ ಬಿಡುವ ಹಾಗಿಲ್ಲ ಎನ್ನುವ ಮಾತ್ರೆಗೆ ಕೊರಳು ಕೊಡುವ ಮೊದಲು ಮೂರು ತಿಂಗಳ ಅವಕಾಶ ಬೇಡಿದೆ. ಮದುವೆಗೆ ಮೊದಲೂ ನಾನು ಇಷ್ಟು ಯೋಚಿಸಿರಲಿಲ್ಲ. "ಆಯ್ತು, ಇಳಿಯದಿದ್ರೆ ಮಾತ್ರೆ, ಮತ್ತೆ ಚರ್ಚೆ ಇಲ್ಲ" ಎಂದು ಡಾಕ್ಟರು ಒಪ್ಪಿದರು.

ಮಂಗಳೂರಿನಲ್ಲಿ ಪಥ್ಯ ಮಾಡುವವನಿಗೆ ಶತ್ರುಗಳಿಲ್ಲ. ಎಲ್ಲರೂ ಹಿತೈಷಿಗಳೇ, ತೊಂದರೆ ಇರುವುದೇ ಅಲ್ಲಿ. ತೆಂಗಿನೆಣ್ಣೆ ವಿಷ ಎಂದು ಅರ್ಧ ಊರು ಹೇಳಿತು, ಅಮೃತ ಎಂದು ಇನ್ನರ್ಧ ಹೇಳಿತು, ಎರಡೂ ಕಡೆಯವರು ಹೇಳಿ ಮುಗಿಸಿ ಮನೆಗೆ ಹೋಗಿ ಬಂಗುಡೆ ಮೀನನ್ನು ಅದರಲ್ಲೇ ಹುರಿದರು. ನೀರುದೋಸೆಗೆ ಎಣ್ಣೆ ಬೇಡ, ಹಾಗಾಗಿ ಎಷ್ಟು ತಿಂದರೂ ತೊಂದರೆಯಿಲ್ಲ ಎಂದು ಮೈದುನ ಧೈರ್ಯ ಹೇಳಿದ. ಅದರ ಜೊತೆಗೆ ಬರುವ, ತೆಂಗಿನಕಾಯಿ ಅರೆದು ಹಾಕಿದ ಕೋಳಿಗಸಿಯ ವಿಚಾರವನ್ನು ಇಬ್ಬರೂ ಎತ್ತಲಿಲ್ಲ. ಬೆಳ್ಳುಳ್ಳಿ ಜಗಿ ಎಂದವರಿದ್ದರು, ಪುನರ್ಪುಳಿ ಹಣ್ಣಿನ ಸಾರು ಕುಡಿ ಎಂದವರಿದ್ದರು. ಎಲ್ಲವನ್ನೂ ಮಾಡಿದೆ. ಬಲೆ ಕೊಳ್ಳಲು ಬಂದ ಗಿರಾಕಿಗಳು ನನ್ನ ಬಾಯಿಯ ಬೆಳ್ಳುಳ್ಳಿ ವಾಸನೆಗೆ ಎರಡು ಹೆಜ್ಜೆ ಹಿಂದೆ ನಿಂತು ಚೌಕಾಸಿ ಮಾಡುತ್ತಿದ್ದರು.

ನಡಿಗೆಯ ಕಥೆ ಬೇರೆ. ಉರ್ವದ ಮೈದಾನದಲ್ಲಿ ಬೆಳಿಗ್ಗೆ ನಡೆಯುವವರ ಗುಂಪೊಂದಿದೆ. ನಿಷ್ಠಾವಂತರು. ಮಳೆ ಬಂದರೆ ಕೊಡೆ ಹಿಡಿದು ನಡೆಯುತ್ತಾರೆ. ನಡೆಯುವಾಗ ಸಕ್ಕರೆ, ಬಿಪಿ, ಕೊಲೆಸ್ಟರಾಲ್ ಬಿಟ್ಟು ಬೇರೆ ಮಾತಿಲ್ಲ. ಆಮೇಲೆ ಒಬ್ಬರನ್ನೊಬ್ಬರು ಅಭಿನಂದಿಸುವ ರೀತಿಯಲ್ಲಿ ಹತ್ತಿರದ ಹೋಟೆಲಿಗೆ ನಡೆಯುತ್ತಾರೆ. ಅಲ್ಲಿ ಎಣ್ಣೆಯಲ್ಲಿ ಕರಿದ ಬಿಸಿ ಬನ್ಸ್, ಗೋಳಿಬಜೆ. ಮೊದಲ ದಿನ ನಾನು ಬರೀ ಚಾ ಸಾಕೆಂದೆ. ಗುಂಪಿನ ಹಿರಿಯರೊಬ್ಬರು ನನ್ನ ಭುಜ ತಟ್ಟಿ, "ಎಂತ ಮಾರಾಯ, ಇಷ್ಟು ನಡೆದದ್ದು ಮತ್ತೆ ಯಾಕೆ?" ಎಂದರು. ಮರುದಿನದಿಂದ ನಾನೂ ಗೋಳಿಬಜೆಯನ್ನು ಪೇಪರಿನ ತುಂಡಿನ ನಡುವೆ ಒತ್ತಿ ಎಣ್ಣೆ ಇಳಿಸಿ ತಿನ್ನತೊಡಗಿದೆ. ಹಾಗೆ ಒತ್ತುವಾಗ ಪಥ್ಯ ಮಾಡುತ್ತಿದ್ದೇನೆ ಎಂಬ ತೃಪ್ತಿ ಗಾಢವಾಗಿ ಬರುತ್ತದೆ, ನೀವೂ ಪ್ರಯತ್ನಿಸಬಹುದು.

ಅತ್ತ ಹಮೀದಾಕ ಮೊದಲ ದಿನದಿಂದಲೇ ಮಾತ್ರೆ ನುಂಗುತ್ತಿದ್ದ. ಕಾಗದ ಓದಿದೆಯಾ ಎಂದು ಕೇಳಿದರೆ, "ಡಾಕ್ಟ್ರು ಓದಿದ್ದಾರಲ್ಲ ದಾಮೋದರಣ್ಣ, ನಾನು ಯಾಕೆ ಓದ್ಬೇಕು?" ಎಂದ. ಇಂಥ ಬೇಜವಾಬ್ದಾರಿ ಮನುಷ್ಯನ ಬಗ್ಗೆ ನನಗೆ ಕನಿಕರ ಉಂಟಾಯಿತು. ಸಂಜೆ ನಮಾಜಿಗೆ ನಡೆದೇ ಹೋಗುತ್ತಿದ್ದ, ಬಿರಿಯಾನಿಯಲ್ಲಿ ತುಪ್ಪ, ಮಾಂಸ ಕಡಿಮೆ ಮಾಡಿದ್ದ. ಆದರೆ ಅದನ್ನೆಲ್ಲ ಅವನು ಯಾರಿಗೂ ಹೇಳುತ್ತಿರಲಿಲ್ಲ. ಹೇಳದೆ ಮಾಡುವ ಪಥ್ಯದಲ್ಲಿ ಏನು ಸುಖವಿದೆ ಎನ್ನುವುದು ನನಗೆ ಇವತ್ತಿಗೂ ತಿಳಿದಿಲ್ಲ.

ಮೂರು ತಿಂಗಳಾದ ಮೇಲೆ ನನ್ನ ಅಂಕಿ ಇಳಿದಿತ್ತು, ಆದರೆ ಮರ್ಯಾದೆಗೆ ಇಳಿದಷ್ಟೇ. ಡಾಕ್ಟರು ಆಗ ಒಂದು ಸತ್ಯ ಹೇಳಿದರು. ಕೊಲೆಸ್ಟರಾಲ್ ಬರುವುದು ತಿಂದದ್ದರಿಂದ ಮಾತ್ರವಲ್ಲವಂತೆ. ಹೆಚ್ಚಿನದನ್ನು ನಮ್ಮ ಪಿತ್ತಜನಕಾಂಗವೇ ತಯಾರಿಸುತ್ತದಂತೆ, ಕೆಲವು ಕುಟುಂಬಗಳಲ್ಲಿ ಅದರ ಉತ್ಸಾಹ ಸ್ವಲ್ಪ ಹೆಚ್ಚಂತೆ. ನನಗಾದ ಬೇಸರ ಅಷ್ಟಿಷ್ಟಲ್ಲ. ಒಂದು ಮೊಟ್ಟೆಯ ಹಳದಿಗೆ ನಾನು ಹೊರಗೆ ಕಾವಲು ಕೂತಿದ್ದರೆ, ಒಳಗೆ ನನ್ನದೇ ಅಂಗ ರಾತ್ರಿಪಾಳಿಯಲ್ಲಿ ಸರಕು ತಯಾರಿಸುತ್ತಿತ್ತು. ಪೂರ್ವಜರು ನಮ್ಮ ಮನೆಗೆ ಜಾಗ ಬಿಟ್ಟು ಹೋಗಲಿಲ್ಲ, ಇದನ್ನು ಬಿಟ್ಟು ಹೋಗಿದ್ದರು. ಅಣ್ಣ ಅಷ್ಟು ನಡೆದೂ ಯಾಕೆ ಉಳಿಯಲಿಲ್ಲ ಎನ್ನುವುದು ನನಗೆ ಆ ಕುರ್ಚಿಯಲ್ಲಿ ಕುಳಿತಾಗ ಮೊದಲ ಬಾರಿ ಹೊಳೆಯಿತು. ಮಾತ್ರೆಗೆ ಒಪ್ಪಿಕೊಂಡು ಮನೆಗೆ ಬಂದೆ.

ಒಪ್ಪಿಕೊಂಡೆ ನಿಜ, ಆದರೆ ನಾನು ಯೋಚಿಸುವ ಮನುಷ್ಯ. ನಮ್ಮ ಮನೆಯಲ್ಲಿ ಸೋಮವಾರ ಮೀನು-ಮಾಂಸ ಇಲ್ಲ. ಶನಿವಾರವೂ ಇಲ್ಲ. ಸಂಕ್ರಾಂತಿಗೆ ಇಲ್ಲ, ನಾಗರಪಂಚಮಿಗೆ ಇಲ್ಲ, ನವರಾತ್ರಿಗೆ ಕೇಳುವುದೇ ಬೇಡ. ಶ್ರಾವಣದ ಹೊತ್ತಿಗೆ ಬರುವ ನಮ್ಮ ಸೋಣ ತಿಂಗಳಲ್ಲಂತೂ ತಿಂಗಳಿಡೀ ಮೀನಿನ ವಾಸನೆಯೂ ಮನೆಯೊಳಗೆ ಬರುವ ಹಾಗಿಲ್ಲ. ಹೀಗಿರುವಾಗ ಈ ದಿನಗಳಲ್ಲಿ ಮಾತ್ರೆಗೆ ಹೊಟ್ಟೆಯೊಳಗೆ ಏನು ಕೆಲಸ? ಕೆಲಸವಿಲ್ಲದವನು ಸುಮ್ಮನೆ ಕೂರುತ್ತಾನೆಯೇ? ಕಾಗದದಲ್ಲಿ ಹೇಳಿದ ಸ್ನಾಯು ಗೀಯು ಎಂದು ಏನಾದರೂ ಕೆದಕದೆ ಇರುತ್ತದೆಯೇ? ಆದ್ದರಿಂದ ಮಾಂಸದ ದಿನ ಮಾತ್ರೆ, ಸೋಮವಾರ ಶನಿವಾರ ಮಾತ್ರೆಗೆ ರಜೆ, ಸೋಣ ತಿಂಗಳಿಗೆ ದೀರ್ಘ ರಜೆ ಎಂದು ಒಂದು ವ್ಯವಸ್ಥೆ ಮಾಡಿಕೊಂಡೆ. ಧರ್ಮಕ್ಕೂ ವಿಜ್ಞಾನಕ್ಕೂ ಇಷ್ಟು ಸಲೀಸಾಗಿ ರಾಜಿ ಮಾಡಿಸಿದವನು ನಮ್ಮ ಜಿಲ್ಲೆಯಲ್ಲಿ ನಾನೇ ಮೊದಲಿಗ ಎಂದು ಒಳಗೊಳಗೇ ಹೆಮ್ಮೆಪಟ್ಟೆ.

ಸೋಣ ಮುಗಿದ ಮೇಲೆ ಮಾಡಿಸಿದ ಪರೀಕ್ಷೆಯಲ್ಲಿ ಅಂಕಿ ಮತ್ತೆ ಮೇಲೇರಿ ಕುಳಿತಿತ್ತು. ಡಾಕ್ಟರು ಮಾತ್ರೆಯ ಪ್ರಮಾಣ ಹೆಚ್ಚಿಸಲು ಪೆನ್ನೆತ್ತಿದರು. ಅಷ್ಟರಲ್ಲಿ ನಾನು ನನ್ನ ವ್ಯವಸ್ಥೆಯನ್ನು ವಿವರಿಸಿದೆ, ಮೆಚ್ಚುತ್ತಾರೆ ಎಂದುಕೊಂಡಿದ್ದೆ. ಅವರು ಪೆನ್ನು ಕೆಳಗಿಟ್ಟರು.

"ಸೋಮವಾರ ನಿಮ್ಮಲ್ಲಿ ಎಂತ ಮಾಡ್ತಾರೆ?" ಎಂದು ಕೇಳಿದರು.

"ಸಿಂಪಲ್ ಡಾಕ್ಟ್ರೆ. ಬೆಳಿಗ್ಗೆ ಬನ್ಸ್. ಮಧ್ಯಾಹ್ನ ತೆಂಗಿನಕಾಯಿ ಹಾಕಿದ ತರಕಾರಿ ಕೊದ್ದೆಲು, ಕರಿದ ಅಂಬಡೆ, ಒಂದು ಪಾಯಸ. ಊಟಕ್ಕೆ ಸ್ವಲ್ಪ ತುಪ್ಪ."

"ಮತ್ತೆ ಸೋಣದಲ್ಲಿ?"

"ದಿನಾ ಇದೇ. ಎಣ್ಣೆಯಲ್ಲಿ ಕಾಯಿಸಿದ ಪತ್ರೊಡೆ ಕೂಡ ಉಂಟು."

ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ. ಪಿತ್ತಜನಕಾಂಗಕ್ಕೆ ಪಂಚಾಂಗ ನೋಡುವ ಅಭ್ಯಾಸ ಇಲ್ಲ ಎಂದಷ್ಟೇ ಹೇಳಿ, ಹಳೆಯ ಪ್ರಮಾಣವನ್ನೇ ದಿನಾ ತೆಗೆದುಕೊಳ್ಳಲು ಬರೆದುಕೊಟ್ಟರು.

ನನ್ನ ಪರ ಮಾತಾಡುವವರು ಯಾರಾದರೂ ಬೇಕಿತ್ತು. ವ್ರತದ ಮಹತ್ವ ತಿಳಿದವನೆಂದು ಹಮೀದಾಕನ ಬಳಿ ಹೋದೆ. ರಂಜಾನಿನಲ್ಲಿ ಒಂದು ತಿಂಗಳು ಉಪವಾಸ ಮಾಡುವವನು, ಮಾತ್ರೆಗೂ ರಜೆ ಕೊಟ್ಟೇ ಇರುತ್ತಾನೆ ಎಂಬುದು ನನ್ನ ಲೆಕ್ಕಾಚಾರ. ಅವನು ಖರ್ಜೂರದ ಪೆಟ್ಟಿಗೆ ಕಟ್ಟುತ್ತಾ ಹೇಳಿದ: "ನಾನು ಡಾಕ್ಟ್ರಿಗೆ ಮೊದಲೇ ಕೇಳಿದ್ದೆ ಮಾರಾಯ್ರೆ. ಸಂಜೆ ಉಪವಾಸ ಬಿಟ್ಟ ಮೇಲೆ ತಕೊಳ್ಳಿ ಅಂದ್ರು. ಒಂದು ದಿನವೂ ಬಿಟ್ಟಿಲ್ಲ. ಉಪವಾಸ ಮಾಡುವವ ನಾನಲ್ವಾ, ಮಾತ್ರೆ ಯಾಕೆ ಉಪವಾಸ ಮಾಡ್ಬೇಕು?" ಅವನ ಹೊಸ ವರದಿಯನ್ನೂ ತೋರಿಸಿದ. ಅಷ್ಟು ಕೆಳಗಿನ ಅಂಕಿಯನ್ನು ನಾನು ಹೈಸ್ಕೂಲಿನ ಗಣಿತದಲ್ಲಿ ತೆಗೆಯುತ್ತಿದ್ದೆ. ಗೆಳೆಯನ ಆರೋಗ್ಯ ಸುಧಾರಿಸಿದ್ದಕ್ಕೆ ಇಷ್ಟೊಂದು ಹೊಟ್ಟೆಯುರಿ ಆಗಬಾರದು ಎಂದು ನನಗೂ ಗೊತ್ತಿತ್ತು.

ಸುಮತಿಗೆ ವಿಷಯ ತಿಳಿದಾಗ ಅವಳು ಕೂಗಾಡಲಿಲ್ಲ. ಮೂರನೆಯ ದಿನ ನೋಡಿದರೆ ನನ್ನ ಮಾತ್ರೆಯ ಪಟ್ಟಿ ದೇವರ ಕೋಣೆಯಲ್ಲಿ, ಕುಂಕುಮದ ಬಟ್ಟಲಿನ ಪಕ್ಕ, ಹಿತ್ತಾಳೆಯ ತಟ್ಟೆಯೊಂದರಲ್ಲಿ ವಿರಾಜಮಾನವಾಗಿತ್ತು. "ಇನ್ನು ಇದು ಇಲ್ಲೇ. ದೀಪ ಹಚ್ಚಿದ ಮೇಲೆ ಕೈಮುಗ್ದು ತಕೊಳ್ಳಿ" ಎಂದಳು. ಇಷ್ಟು ವರ್ಷ ಬಾಳಿದವಳಿಗೆ ನನ್ನ ಸ್ವಭಾವ ಚೆನ್ನಾಗಿ ತಿಳಿದಿದೆ. ಡಾಕ್ಟರ ಮಾತನ್ನು ನಾನು ತರ್ಕ ಮಾಡಿ ಮುರಿಯಬಲ್ಲೆ. ಸಂಜೆಯ ದೀಪದ ಎದುರು ನನ್ನ ತರ್ಕಕ್ಕೆ ಬಾಯಿ ಬರುವುದಿಲ್ಲ. ಅಂದಿನಿಂದ ಸೋಮವಾರದ ರಜೆಯೂ ಇಲ್ಲ, ಸಂಕ್ರಾಂತಿಯ ರಜೆಯೂ ಇಲ್ಲ. ದೀಪ, ನಮಸ್ಕಾರ, ಮಾತ್ರೆ, ಒಂದು ಲೋಟ ನೀರು. ಗೋಳಿಬಜೆಯೂ ತಾನಾಗಿ ಕಡಿಮೆಯಾಯಿತು. ಮುಂದಿನ ವರದಿಯಲ್ಲಿ ಅಂಕಿ ಸರಿಯಾಗಿ ಇಳಿಯಿತು. ಮೈದಾನದ ಗುಂಪಿಗೆ ನಾನು ಅದನ್ನು ಬೆಳ್ಳುಳ್ಳಿಯ ಮಹಿಮೆ ಎಂದು ಹೇಳಿದ್ದೇನೆ, ನೀವು ಬಾಯಿ ಬಿಡಬೇಡಿ.

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆಯುತ್ತಿದ್ದಾಗ ಮೊನ್ನೆ ನಮ್ಮ ಕುಟುಂಬದ ಹಿರಿಯಜ್ಜ ತೀರಿಕೊಂಡರು. ಪೂರ್ಣಾಯುಷ್ಯ ಬಾಳಿದವರು, ಕೊನೆಯವರೆಗೂ ಹಂದಿಮಾಂಸವನ್ನು ಚಪ್ಪರಿಸಿ ತಿಂದವರು, ಪಿತ್ತಜನಕಾಂಗಗಳಲ್ಲಿಯೂ ಅದೃಷ್ಟವಂತರಿರುತ್ತಾರೆ. ಫೋನು ಬಂದದ್ದು ಬೆಳಿಗ್ಗೆ. ಮನೆಗೆ ಸೂತಕ. ದೇವರ ಕೋಣೆಯ ಬಾಗಿಲು ಮುಚ್ಚಿತು. ಅಂತ್ಯಕ್ರಿಯೆ ಮುಗಿಸಿ, ಸ್ನಾನ ಮಾಡಿ, ಸಂಜೆ ಜಗಲಿಯಲ್ಲಿ ಪೇಪರು ಹಿಡಿದು ಕುಳಿತೆ. ದೀಪ ಹಚ್ಚುವ ಹೊತ್ತಾಯಿತು, ದೀಪ ಇಲ್ಲ. ದೀಪ ಇಲ್ಲವೆಂದರೆ ನಮಸ್ಕಾರ ಇಲ್ಲ. ಮುಂದಿನದನ್ನು ನಾನು ಯೋಚಿಸಿ ಮುಗಿಸಿದ್ದೆ. ಊಟವೂ ಸಸ್ಯಾಹಾರ. ಇಷ್ಟು ಸಕಾರಣವಾದ ರಜೆ ಸೋಣ ತಿಂಗಳಿಗೂ ಇರಲಿಲ್ಲ.

ಸುಮತಿ ಒಳಗಿನಿಂದ ಬಂದಳು. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಮಾತ್ರೆ.

"ಸೂತಕ ಅಲ್ವಾ?" ಎಂದೆ. "ಅದು ದೇವರ ಕೋಣೆಯಲ್ಲಿ ಉಂಟು."

"ಫೋನಿಟ್ಟ ಕೂಡಲೇ ಮೊದಲು ಇದನ್ನು ಹೊರಗೆ ತೆಗೆದೆ. ಆಮೇಲೆ ಬಾಗಿಲು ಹಾಕಿದ್ದು."

"ಆದ್ರೂ ದೀಪ ಹಚ್ಚದೆ..."

"ದೀಪ ಇಲ್ಲದೆ ಕೆಲವು ದಿನ ದೇವರಿಗೆ ಆಗ್ತದೆ. ಅವರು ಎಲ್ಲಿಗೂ ಹೋಗುದಿಲ್ಲ." ಅವಳು ಲೋಟವನ್ನು ನನ್ನ ಕೈಗಿಟ್ಟಳು. "ನಿಮ್ಮ ಅಣ್ಣನ ಸೂತಕದಲ್ಲಿ ನಾನು ಈ ಜಗಲಿಯಲ್ಲೇ ಕೂತದ್ದು. ನಿಮ್ಮ ಅತ್ತಿಗೆಯ ಮುಖ ನೋಡಿದ್ದೇನೆ. ನಿಮ್ಮ ಸೂತಕ ಕೂರ್ಲಿಕ್ಕೆ ನನ್ನಿಂದ ಆಗುದಿಲ್ಲ."

ನಾನು ಏನೋ ಒಂದು ಸಂದೇಹ ಕೇಳಲು ಬಾಯಿ ತೆರೆದೆ. ಅವಳಿಗೆ ಅಷ್ಟೇ ಬೇಕಿತ್ತು. ಮಾತ್ರೆಯನ್ನು ಬಾಯೊಳಗೆ ಹಾಕಿ, ನೀರು ಮುಗಿಯುವವರೆಗೆ ಅಲ್ಲೇ ನಿಂತಳು.