ಬಂದೆ ಅಮ್ಮಾ, ಬಂದೆ

ಟಿವಿ ರಿಪೇರಿ ಅವನ ಹೊಟ್ಟೆಪಾಡು. ದೆವ್ವ ಹುಡುಕುವುದು ಅವನ ಹುಚ್ಚು. ರಜೆ ಬಂತೆಂದರೆ ತಾನೇ ಜೋಡಿಸಿದ ಮೀಟರು, ಟೆಸ್ಟರು, ಪುಟ್ಟ ರೆಕಾರ್ಡರು ಎಲ್ಲವನ್ನೂ ಚೀಲಕ್ಕೆ ತುರುಕಿಕೊಂಡು, ಯಾರ ಮನೆಯಲ್ಲಿ ಏನು ಕಾಟವಿದೆಯೋ ಅಲ್ಲಿಗೆ ಹೊರಟುಬಿಡುತ್ತಿದ್ದ. ಬೀದಿಯವರು ‘ದೆವ್ವದ ಡಾಕ್ಟರು’ ಎಂದು ಹೆಸರಿಟ್ಟಿದ್ದರು. ಅವನಿಗೆ ಬೇಸರವೇನಿಲ್ಲ, ಒಳಗೊಳಗೇ ಖುಷಿ.

ಆದರೆ ಡಾಕ್ಟರ ಕೈಗೆ ಒಂದು ದೆವ್ವವೂ ಸಿಕ್ಕಿರಲಿಲ್ಲ. ಕ್ಷೌರದಂಗಡಿಯಲ್ಲಿ ಆರಿಸಿದ ಮೇಲೂ ಮಿಣಮಿಣ ಎನ್ನುವ ಬಲ್ಬನ್ನು ನೋಡಲು ಹೋದರೆ, ಯಾವನೋ ಪುಣ್ಯಾತ್ಮ ಸ್ವಿಚ್ಚನ್ನು ಕರೆಂಟು ಬರುವ ಫೇಸ್ ವೈರಿನ ಬದಲು ನ್ಯೂಟ್ರಲ್ ವೈರಿಗೆ ಕೊಟ್ಟಿದ್ದ. ಮೇಷ್ಟರ ಮನೆಯ ಗೋಡೆಯೊಳಗೆ ಯಾರೋ ಗುದ್ದುತ್ತಾರೆಂದು ಹೋದರೆ, ಮೇಲಿನವರು ನಲ್ಲಿಯನ್ನು ಥಟ್ಟನೆ ನಿಲ್ಲಿಸಿದಾಗಲೆಲ್ಲ ಪೈಪು ಅದುರುತ್ತಿತ್ತು. ಅವನದೊಂದು ಕಟ್ಟಳೆ: ಮೀಟರು ಹೊರತೆಗೆಯುವ ಮೊದಲು ಅಕ್ಕಪಕ್ಕದವರ, ಮೇಲೆ ಕೆಳಗಿನವರ ಬಾಗಿಲು ತಟ್ಟಬೇಕು. ಅರ್ಧಕ್ಕರ್ಧ ದೆವ್ವಗಳು ಅಲ್ಲೇ ಕಾಲು ಕೀಳುತ್ತಿದ್ದವು.

“ದೆವ್ವ ಇಲ್ಲ ಅಂತ ಗೊತ್ತಾದ್ಮೇಲೂ ಹೋಗ್ತೀರಲ್ಲ” ಎಂದು ಹೆಂಡತಿ ರೇಗಿಸಿದರೆ, “ಇಲ್ಲ ಅಂತ ಯಾರು ಹೇಳಿದ್ದು? ಇನ್ನೂ ಸಿಕ್ಕಿಲ್ಲ, ಅಷ್ಟೆ” ಎನ್ನುತ್ತಿದ್ದ.

ತಾಯಿ ಹಾಸಿಗೆ ಹಿಡಿದಾಗ ಅವಳ ದಿಂಬಿನ ಪಕ್ಕ ವೈರಿಲ್ಲದ ಕರೆಗಂಟೆಯ ಗುಂಡಿ ಇಟ್ಟಿದ್ದ. ಒತ್ತಿದರೆ ಅಡುಗೆಮನೆಯಲ್ಲಿ ಗಂಟೆ ಹಾಡುತ್ತಿತ್ತು. ಕೊನೆಯ ಸಲ ಅವಳು ಒತ್ತಿದಾಗ ಇವನು ಯಾರದೋ ಅಟ್ಟದ ಮೇಲೆ ಮೀಟರು ಹಿಡಿದು ಕೂತಿದ್ದ. ಸೊಸೆ ಓಡಿಬಂದು ನೀರು ಕುಡಿಸಿದಳು. ತಾಯಿ ಕೇಳಿದ್ದು ಮಗನನ್ನು. ಅವನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಅವನು ಚೀಲವನ್ನು ಕಣ್ಣಿಗೆ ಕಾಣದಂತೆ ಎತ್ತಿಟ್ಟ, ಮುಟ್ಟಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ, ಊಟಕ್ಕೆ ಕೂತಿದ್ದಾಗ, ಅಡುಗೆಮನೆಯ ಗಂಟೆ ಹಾಡಿತು.

ಗುಂಡಿ ಡ್ರಾಯರಿನಲ್ಲಿತ್ತು. ಅದರ ಸೆಲ್ಲನ್ನು ಅವನೇ ತೆಗೆದಿದ್ದ. ಬಿಚ್ಚಿ ನೋಡಿದ, ಖಾಲಿ. “ಬಂದೆ ಅಮ್ಮಾ, ಬಂದೆ” ಎಂದು ಕೂಗುತ್ತ ತಾಯಿಯ ಕೋಣೆಗೆ ಓಡಿ, ಬರಿದಾದ ಮಂಚದ ಅಂಚಿನಲ್ಲಿ ಕೂತ. ಮರುದಿನವೂ ಗಂಟೆ ಹಾಡಿತು, ಅವನು ಮತ್ತೆ ಓಡಿದ. ಅಂಗಡಿಗೆ ಅರ್ಧ ದಿನ ಬೀಗ ಬೀಳತೊಡಗಿತು. ಒಂದೇ ಕಂಪನಿಯ ಎರಡು ಗಂಟೆಗಳು ಒಂದೇ ಸಿಗ್ನಲ್ಲಿಗೆ ಹಾಡುವುದುಂಟು ಎಂದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದರಿಂದಲೇ ಯಾರ ಬಾಗಿಲನ್ನೂ ತಟ್ಟಲು ಹೋಗಲಿಲ್ಲ.

ಹೆಂಡತಿ ಕೆಲವು ದಿನ ನೋಡಿದಳು. “ರೀ, ಬೇರೆಯವರ ಮನೆ ಆಗಿದ್ರೆ ಇಷ್ಟೊತ್ತಿಗೆ ಅಕ್ಕಪಕ್ಕದಲ್ಲೆಲ್ಲಾ ವಿಚಾರಿಸಿ ಬಂದಿರ್ತಿದ್ರಿ.”

“ಇದು ಬೇರೆಯವರ ಮನೆ ಅಲ್ವಲ್ಲ.”

“ಅದಕ್ಕೇ ಹೇಳ್ತಿರೋದು. ಒಂದ್ ಸಲ ಹೋಗಿ ಬನ್ನಿ. ಅತ್ತೇನೇ ಆಗಿದ್ರೆ ನೀವು ಬರೋವರೆಗೂ ಕಾಯ್ತಾರೆ.”

ಒಲ್ಲದ ಮನಸ್ಸಿನಿಂದ ಮೆಟ್ಟಿಲು ಹತ್ತಿದ. ಮೇಲಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಬಸ್ ಕಂಡಕ್ಟರು ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಮಲಗಿದ್ದರು. ಕೈಯಲ್ಲಿ ಅಂಥದ್ದೇ ಬಿಳಿ ಗುಂಡಿ. ಮುಂದಿನ ಕೋಣೆಯಲ್ಲಿ ಅವರ ಹೆಂಡತಿ ಹೊಲಿಗೆ ಮಿಷನ್ನಿನ ಸದ್ದಿನಲ್ಲಿ ಮುಳುಗಿದ್ದಳು. ಇಸ್ತ್ರಿ ಪೆಟ್ಟಿಗೆಗೆ ಜಾಗ ಬೇಕೆಂದು ತಮ್ಮ ಗಂಟೆಯನ್ನು ಪ್ಲಗ್ಗಿನಿಂದ ಕಿತ್ತಿಟ್ಟಿದ್ದಳು.

ಅಮ್ಮ ಇನ್ನೊಂದು ಸಲ ಹೋದಂತಾಯಿತು.

ಕಂಡಕ್ಟರು ದನಿ ತಗ್ಗಿಸಿದರು. “ಕೆಳಗಿನ ಮನೆಯವರಲ್ವಾ ನೀವು? ಒಂದ್ ಮಾತು, ನಗಬಾರ್ದು. ನೀರು ಬೇಕು ಅಂತ ಗುಂಡಿ ಒತ್ತಿದಾಗೆಲ್ಲಾ ಯಾರೋ ‘ಬಂದೆ, ಬಂದೆ’ ಅಂತಾರೆ. ಒಬ್ರೂ ಬರಲ್ಲ. ಕೂಗಿ ಕೂಗಿ ನನ್ ಗಂಟ್ಲು ಒಣಗ್ತು. ಈ ಬೀದೀಲಿ ದೆವ್ವದ ಡಾಕ್ಟ್ರು ಅಂತ ಯಾರೋ ಇದಾರಂತೆ, ಸ್ವಲ್ಪ ಹೇಳಿ ಕಳಿಸ್ತೀರಾ?”

ಅವನು ಅವರ ಕೈಗೆಟುಕದಷ್ಟು ದೂರದಲ್ಲಿದ್ದ ಬಿಂದಿಗೆಯಿಂದ ಲೋಟಕ್ಕೆ ನೀರು ಬಗ್ಗಿಸಿ, ಕಂಡಕ್ಟರ ತಲೆಯನ್ನು ಮೆಲ್ಲಗೆ ಎತ್ತಿ ಹಿಡಿದು ಕುಡಿಸಿದ.

“ಅದು ನಾನೇ” ಎಂದ. “ಬರೋದು ತಡ ಆಯ್ತು.”