ಟೊಳ್ಳು ಸದ್ದು ಕೇಳಿಸಿದ ಮೇಲೆ

ಗಣಿಯವರು ಅವನಿಗೆ ಇಟ್ಟ ಹೆಸರು ‘ಬೀಗದ ಸಾಹೇಬ’. ಕಾರ್ಮಿಕರ ಸುರಕ್ಷತೆ ನೋಡುವ ಸರ್ಕಾರಿ ಇನ್ಸ್‌ಪೆಕ್ಟರ್ ಅವನು. ಸುರಂಗಕ್ಕಿಳಿದರೆ ಕೈಯಲ್ಲೊಂದು ಕಬ್ಬಿಣದ ಸಲಾಕೆ. ಅದರಿಂದ ತಲೆಯ ಮೇಲಿನ ಬಂಡೆಯನ್ನು ತಟ್ಟುತ್ತ ಹೋಗುವನು. ಖಣ್ಣೆಂದರೆ ಬಂಡೆ ಗಟ್ಟಿ. ಒಡೆದ ಮಡಕೆಯಂತೆ ಟೊಳ್ಳಾಗಿ ಸದ್ದು ಬಂದರೆ ಒಳಗೆ ಬಿರುಕಿದೆ ಎಂದರ್ಥ. ಆಗ ಎರಡನೆಯ ಮಾತಿಲ್ಲ, ಎಲ್ಲರೂ ಹೊರಗೆ, ಸುರಂಗದ ಬಾಯಿಗೆ ಬೀಗ. ಮಾಲೀಕರು ಗುಡುಗಿದರೂ ಜಗ್ಗುವ ಆಳಲ್ಲ. ನಾಲ್ಕು ಜನ ನಕ್ಕರೆ ಮಾತ್ರ ಕುಗ್ಗಿಹೋಗುತ್ತಿದ್ದ. ಅದು ಅವನ ತಂಗಿಯ ಗಂಡನಿಗೆ ಚೆನ್ನಾಗಿ ಗೊತ್ತಿತ್ತು.

ತಂಗಿಯ ಗಂಡ ಅದೇ ಗಣಿಯಲ್ಲಿ ಮೇಸ್ತ್ರಿ. ಒಂದು ಬೆಳಿಗ್ಗೆ ಅವನ ತಂಡ ಅಗೆಯುತ್ತಿದ್ದ ಕಡೆ ಸಾಹೇಬ ಸಲಾಕೆಯಿಂದ ತಟ್ಟಿದಾಗ ಸದ್ದು ಟೊಳ್ಳಾಗಿ ಬಂತು. ಇನ್ನೊಮ್ಮೆ ತಟ್ಟಿದ. ಹಾಗೇ.

“ಏನ್ ಭಾವ, ಕಲ್ಲಂಗಡಿ ಆರಿಸೋ ಹಾಗೆ ತಟ್ತಾ ಇದ್ದೀರಿ! ಹಣ್ಣಾಗಿದ್ರೆ ಹೇಳಿ, ಕೊಯ್ದು ಹಂಚೋಣ.”

“ಬೀಜ ಸಾಹೇಬ್ರಿಗೇ ಬಿಡಿ ಮೇಸ್ತ್ರಿ,” ಎಂದ ಇನ್ನೊಬ್ಬ. ಸುರಂಗವೆಲ್ಲ ನಗೆ. ಸಾಹೇಬನಿಗೆ ಕಿವಿಯವರೆಗೂ ಬಿಸಿಯೇರಿತು. ತಾನೂ ನಕ್ಕುಬಿಟ್ಟ.

“ಇಲ್ಲಿ ಆಸರೆಗೊಂದು ಕಂಬ ಕೊಡಿ, ಸಾಕು,” ಎಂದವನೇ ಮೇಲೆ ಹತ್ತಿದ.

ಅಂದೇ ಮಧ್ಯಾಹ್ನ ಮೇಲಿನ ಬಂಡೆ ಜರುಗಿ ಆ ಕಂಬ ಕಿರುಗುಟ್ಟಿತು. ತಂಡದವರು ಎದ್ದುಬಿದ್ದು ಓಡಿದರು. ಎಲ್ಲರನ್ನೂ ಮುಂದೆ ದಬ್ಬಿ ಹಿಂದುಳಿದ ಮೇಸ್ತ್ರಿಯ ಕಾಲ ಮೇಲೆ ಬಂಡೆ ಬಿತ್ತು. ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು.

ಮರುದಿನ ಗಣಿಯ ತುಂಬ ಬೀಗದ ಸಾಹೇಬನದೇ ಹೊಗಳಿಕೆ. ಸಾಹೇಬರು ಕೊಡಿಸಿದ ಕಂಬವೇ ಅಷ್ಟು ಜೀವ ಉಳಿಸಿತಂತೆ! ಆಸ್ಪತ್ರೆಯಲ್ಲಿ ತಂಗಿ ಅವನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. “ನೀನಿಲ್ದಿದ್ರೆ ಇವರ ಹೆಣ ಬರ್ತಿತ್ತು ಅಣ್ಣ.”

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ತಂಗಿಯ ಕಣ್ಣೀರು ಅವನ ಬೆರಳುಗಳ ಸಂದಿಯಲ್ಲಿ ಇಳಿಯುತ್ತಿತ್ತು. ಆ ಕೈಯನ್ನು ಎಲ್ಲಿ ಬಚ್ಚಿಡಲಿ ಎನಿಸಿತು ಅವನಿಗೆ.

“ಬಂಡೆ ಟೊಳ್ಳಾಗಿತ್ತು ಕಣೇ. ಮುಚ್ಚಿಸಬೇಕಿತ್ತು. ನಗ್ತಾರೆ ಅಂತ ಸುಮ್ಮನಾದೆ.”

ಹಾಸಿಗೆಯಲ್ಲಿದ್ದ ಮೇಸ್ತ್ರಿ ಗೋಡೆಯ ಕಡೆ ಮುಖ ತಿರುಗಿಸಿದ. “ನಂಗೂ ಕೇಳಿಸಿತ್ತು ಭಾವ. ನೀವು ಎಲ್ಲಿ ಕೆಲಸ ನಿಲ್ಲಿಸಿ ಕೂಲಿ ತಪ್ಪಿಸ್ತೀರೋ ಅಂತಾನೇ ನಗಿಸಿದ್ದು.”

ತಂಗಿ ಒಮ್ಮೆ ಅಣ್ಣನನ್ನು, ಒಮ್ಮೆ ಗಂಡನನ್ನು ನೋಡಿದಳು. “ಇಬ್ರಿಗೂ ಕೇಳಿಸಿತ್ತಾ?”

ಅವಳು ಹಿಡಿದಿದ್ದ ಕೈ ಬಿಟ್ಟು, ಗಂಡನ ಹೊದಿಕೆ ಸರಿಮಾಡಿದಳು.

ಆಮೇಲೆ ಅವನು ಬದುಕಿದ್ದಷ್ಟು ಕಾಲ ವಾರವಾರವೂ ತಂಗಿಯ ಮನೆಗೆ ಹೋದ. ತಂಗಿ ಒಮ್ಮೆಯಾದರೂ ಬಾಯಿ ತುಂಬ ಬೈಯಲಿ ಎಂದು ಕಾದ. ಅವಳು ಊಟ ಬಡಿಸಿದಳು, ಮಕ್ಕಳ ಸುದ್ದಿ ಹೇಳಿದಳು, ಬಾಗಿಲವರೆಗೆ ಬಂದು ಕಳಿಸಿದಳು. ಬೈಸಿಕೊಳ್ಳದೆಯೇ ಹೊರಟುಹೋದ, ಪುಣ್ಯಾತ್ಮ.