ಆರುನೂರ ನಲವತ್ತು ಹರ್ಟ್ಸ್

ಶೋಳಿಂಗನಲ್ಲೂರಿನ ಆಚೆಗಿರುವ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಾನು ಎಲೆಕ್ಟ್ರಾನಿಕ್ಸ್ ಲ್ಯಾಬ್ ನಡೆಸುತ್ತೇನೆ. ಕಳೆದ ವರ್ಷದ ಪ್ರಾಯೋಗಿಕ ಪರೀಕ್ಷೆಯ ದಿನ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಅಣ್ಣಾ ನಗರದಿಂದ ಬರುತ್ತಿದ್ದ ಹುಡುಗಿಯೊಬ್ಬಳಿದ್ದಳು. ಮನೆಯವರು ದಾವಣಗೆರೆ ಕಡೆಯವರು. ಕನ್ನಡದಲ್ಲಿ ಕೇಳಿದರೆ ಅರ್ಧ ತಮಿಳಿನಲ್ಲಿ ಉತ್ತರಿಸುತ್ತಿದ್ದಳು. ಆ ದಿನ ಅವಳ ಬ್ಯಾಚಿಗೆಲ್ಲ ಬಂದದ್ದು ಎರಡನೇ ದರ್ಜೆಯ ಲೋ-ಪಾಸ್ ಫಿಲ್ಟರ್: ಒಂದು ಆಪ್-ಆ್ಯಂಪ್, ಒಂದೇ ಅಳತೆಯ ಎರಡು ರೆಸಿಸ್ಟರ್, ಒಂದೇ ಅಳತೆಯ ಎರಡು ಕೆಪಾಸಿಟರ್. ಆವರ್ತನ ಏರಿಸುತ್ತ ಹೋದಂತೆ ಔಟ್‌ಪುಟ್ ಸೊರಗುತ್ತದೆ. ಅದು ಮೊದಲಿದ್ದುದರ ನೂರಕ್ಕೆ ಎಪ್ಪತ್ತರಷ್ಟಾಗುವ ಜಾಗವೇ ಕಟಾಫ್. ಲ್ಯಾಬ್ ಮ್ಯಾನ್ಯುಯಲ್‌ನ ಸೂತ್ರ ಹೇಳುವುದು ಸಾವಿರ ಹರ್ಟ್ಸ್. ಅವಳು ಬರೆದದ್ದು ಆರುನೂರ ನಲವತ್ತು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಹಾಳೆ ನೋಡಿದರು. ಅವಳ ಮೇಜಿನ ಕಡೆ ಕಣ್ಣೂ ಹಾಯಿಸಲಿಲ್ಲ. "ಎಲ್ಲರಿಗೂ ಸಾವಿರ ಬಂದಿದೆ, ನಿನಗೊಬ್ಬಳಿಗೆ ಹೇಗಮ್ಮ ಇದು?" ಎಂದು ತಮಿಳಿನಲ್ಲಿ ಗದರಿ, ಕೆಂಪು ಗೀಟೆಳೆದು ಸೊನ್ನೆ ಹಾಕಿದರು.

ಹುಡುಗಿ ನನ್ನ ಕಡೆ ತಿರುಗಿದಳು. "ಮೇಡಂ, ಸತ್ಯಮಾ ಮೂರು ತಡವೆ, ಮೂರು ಸಲ ನೋಡಿದೆ. ಅಷ್ಟೇ ಬರ್ತಿದೆ."

ನಾನೇ ಹೋಗಿ ಆವರ್ತನದ ಗುಂಡಿ ತಿರುಗಿಸಿದೆ. ಆರುನೂರ ನಲವತ್ತೇ. ಸಾವಿರಕ್ಕೆ ಒಯ್ದರೆ ಔಟ್‌ಪುಟ್ ಸರಿಯಾಗಿ ಅರ್ಧ. ಆಗ ಹೊಳೆಯಿತು. ಇದು ಒಂದರ ಹಿಂದೊಂದು ನಿಂತ ಎರಡು ಜರಡಿಗಳಿದ್ದಂತೆ. ಸಾವಿರದಲ್ಲಿ ಒಂದೊಂದೂ ನೂರನ್ನು ಎಪ್ಪತ್ತು ಮಾಡಿದರೆ, ಎರಡೂ ಸೇರಿ ಐವತ್ತು ಮಾಡುತ್ತವೆ. ಹಾಗಿದ್ದ ಮೇಲೆ ಎಪ್ಪತ್ತರ ಜಾಗ ಮೊದಲೇ ಬರಲೇಬೇಕು. ಉಳಿದ ಮಕ್ಕಳು ಗುಂಡಿಯನ್ನೇ ಮುಟ್ಟದೆ ಸಾವಿರ ಬರೆದಿದ್ದರು. ಅಂಥ ರೆಕಾರ್ಡುಗಳಿಗೆ ಆರು ವರ್ಷ ಕಣ್ಮುಚ್ಚಿ ಸಹಿ ಹಾಕಿದವಳು ನಾನೇ. ಮೈಯೆಲ್ಲ ಉರಿಯಿತು.

ಹಾಳೆಯ ಹಿಂದೆ ಲೆಕ್ಕ ಬಿಡಿಸಿ ಪರೀಕ್ಷಕರ ಮುಂದಿಟ್ಟೆ. ಅವರು ಮ್ಯಾನ್ಯುಯಲ್ ತೆರೆದು ಮೊದಲ ಪುಟಕ್ಕೆ ಬೆರಳಿಟ್ಟರು. "ತಯಾರಿಸಿದವರು ಅಂತ ನಿಮ್ಮದೇ ಸಹಿ ಇದೆಯಲ್ಲ ಮೇಡಂ?"

"ಇದೆ ಸಾರ್. ನಾನು ತಪ್ಪು ಬರೆದೆ. ಅವಳು ಸರಿ ಬರೆದಿದ್ದಾಳೆ."

"ಮ್ಯಾನ್ಯುಯಲ್‌ನಲ್ಲಿ ಏನಿದೆಯೋ ಅದಕ್ಕೆ ಮಾರ್ಕ್ಸ್."

ಅಂಕಪಟ್ಟಿಗೆ ಸಹಿ ಮಾಡುವುದಿಲ್ಲ ಎಂದೆ. ನನ್ನ ದನಿ ಏರಿತ್ತು. ಲ್ಯಾಬೆಲ್ಲ ತಿರುಗಿ ನೋಡುತ್ತಿತ್ತು. ವಿಭಾಗದ ಮುಖ್ಯಸ್ಥರು ಓಡಿ ಬಂದು, "ಕಾಲೇಜ್ ಬಸ್ ಹೊರಡುವ ಹೊತ್ತು, ದೊಡ್ಡದು ಮಾಡಬೇಡಿ" ಎಂದರು. ಅವರನ್ನು ಆ ಮೇಜಿಗೆ ಕರೆದೊಯ್ದು, "ನೀವೇ ತಿರುಗಿಸಿ ಸಾರ್" ಎಂದೆ. ತಿರುಗಿಸಿದರು. ಪರೀಕ್ಷಕರನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಸೊನ್ನೆಯ ಮೇಲೆ ಗೀಟು ಬಿತ್ತು. ಪಾಸಾಗುವಷ್ಟು ಅಂಕ, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಸಾವಿರ ಬರೆದವರಿಗೆಲ್ಲ ಪೂರ್ತಿ. ಕೊನೆಗೆ ನಾನು ಸಹಿ ಹಾಕಿದೆ. ಅದಕ್ಕೂ ನನ್ನ ಮೇಲೆ ಸಿಟ್ಟಿದೆ.

ಈ ವರ್ಷ ಆ ಪುಟವನ್ನು ಹೊಸದಾಗಿ ಬರೆದು ಮುಖ್ಯಸ್ಥರಿಗೆ ಕೊಟ್ಟೆ. ಮುಂದಿನ ಮುದ್ರಣದಲ್ಲಿ ನೋಡೋಣ ಎಂದರು. ನಾನು ಕಾಯಲಿಲ್ಲ. ಲ್ಯಾಬಿನಲ್ಲಿದ್ದ ಮೂವತ್ತೂ ಪ್ರತಿಗಳಲ್ಲಿ ಹಳೆಯ ಪುಟ ಹರಿದು ಹೊಸದನ್ನು ಅಂಟಿಸಿದೆ.